ಬದಿಯಿಂದ ಆಟ ಕಟ್ಟುವವನು: ವೈಡ್ ಪ್ಲೇಮೇಕರ್‌ನನ್ನು ಕೂರಿಸುವುದು ಹೇಗೆ?

ಬೆಣ್ಣೆದೋಸೆ 10 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಆಡುತ್ತಿರುವುದು ಫುಟ್‌ಬಾಲ್ ಮ್ಯಾನೇಜರ್ 2024, ತಂಡದ ಮ್ಯಾನೇಜರ್ ಆಗಿ ಆಡುವ ಕಂಪ್ಯೂಟರ್ ಗೇಮ್. ಸ್ಪೇನಿನ ಎರಡನೇ ಡಿವಿಜನ್‌ನ ಒಂದು ಸಣ್ಣ ತಂಡ, ಎರಡನೇ ಸೀಸನ್. ನಮ್ಮದೇ ಅಕಾಡೆಮಿಯಿಂದ ಒಬ್ಬ ಹುಡುಗ ಬಂದಿದ್ದಾನೆ, 19 ವರ್ಷ. ಇಪ್ಪತ್ತಕ್ಕೆ ಪಾಸಿಂಗ್ 15, ವಿಷನ್ 16, ಟೆಕ್ನಿಕ್ 15, ಫಸ್ಟ್ ಟಚ್ 14. ಓಟ ಮಾತ್ರ ಸುಮಾರು, ಪೇಸ್ 10. ಬಲಗಾಲಿನವನು. ಇಂಥವನನ್ನು ಬೆಂಚಿನಲ್ಲಿ ಕೂರಿಸಲು ಮನಸ್ಸು ಒಪ್ಪುವುದಿಲ್ಲ. ನಡುವೆ ಆಡಿಸೋಣ ಅಂದರೆ ಟ್ಯಾಕ್ಲಿಂಗ್ 5, ಮೈಯಲ್ಲಿ ಬಲವೂ ಇಲ್ಲ. ಅದಕ್ಕೆ 4-4-2ರ (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು) ಎಡಬದಿಯಲ್ಲಿ ವೈಡ್ ಪ್ಲೇಮೇಕರ್ ಮಾಡಿದೆ, ಅಟ್ಯಾಕ್ ಡ್ಯೂಟಿ ಕೊಟ್ಟು, ಅಂದರೆ ಮುಂದೆ ಹೋಗುವ ಕೆಲಸ.

ಚೆಂಡು ಅವನ ಕಾಲಿಗೆ ಬರುತ್ತಿದೆ, ಅದಕ್ಕೆ ಕೊರತೆ ಇಲ್ಲ. ಬಂದ ಮೇಲೆ ಏನೂ ಆಗುತ್ತಿಲ್ಲ. ಒಳಕ್ಕೆ ತಿರುಗುತ್ತಾನೆ, ನಿಲ್ಲುತ್ತಾನೆ, ಹಿಂದಕ್ಕೆ ಕೊಡುತ್ತಾನೆ. 11 ಪಂದ್ಯಕ್ಕೆ ಒಂದೇ ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್), ಅದೂ ಕಾರ್ನರ್‌ನಿಂದ ಬಂದದ್ದು. ರೇಟಿಂಗ್ 6.6 ದಾಟುತ್ತಿಲ್ಲ.

ಉಳಿದವರು ಹೀಗಿದ್ದಾರೆ. ಎಡ ಬ್ಯಾಕ್ ಇನ್ವರ್ಟೆಡ್ ವಿಂಗ್‌ಬ್ಯಾಕ್, ಅಂದರೆ ಒಳಕ್ಕೆ ಬರುವವನು. ನಡುವೆ ಒಬ್ಬ ಡೀಪ್ ಲೈಯಿಂಗ್ ಪ್ಲೇಮೇಕರ್ (ಹಿಂದೆ ನಿಂತು ಆಟ ಕಟ್ಟುವವನು), ಪಕ್ಕದಲ್ಲಿ ಬಾಕ್ಸ್ ಟು ಬಾಕ್ಸ್ (ಮೇಲೆ ಕೆಳಗೆ ಓಡುವವನು). ಬಲಬದಿಯಲ್ಲಿ ವಿಂಗರ್, ಸಪೋರ್ಟ್. ಮುಂದೆ ಇಬ್ಬರು: ಟಾರ್ಗೆಟ್ ಫಾರ್ವರ್ಡ್ ಮತ್ತು ಡೀಪ್ ಲೈಯಿಂಗ್ ಫಾರ್ವರ್ಡ್, ಇಬ್ಬರಿಗೂ ಸಪೋರ್ಟ್ ಡ್ಯೂಟಿ, ಅಂದರೆ ಸ್ವಲ್ಪ ಹಿಂದೆ ಬಂದು ಜೊತೆ ಕೊಡುವ ಕೆಲಸ. ಮೆಂಟಾಲಿಟಿ ಪಾಸಿಟಿವ್.

ಹುಡುಗನದೇ ತಪ್ಪಾ, ನನ್ನದಾ?

ಕೋಟೆ ಕಾವಲು (ಚಿತ್ರದುರ್ಗ)

ತಮ್ಮಾ, ಹುಡುಗನ ತಪ್ಪೇನೂ ಇಲ್ಲ. ಮೊದಲು ಒಂದು ಕೆಲಸ ಮಾಡು. ಮುಂದಿನ ಪಂದ್ಯವನ್ನು ಹೈಲೈಟ್ಸ್‌ನಲ್ಲಿ ನೋಡಬೇಡ, ಪೂರ್ತಿ ಪಂದ್ಯ ಹಾಕಿಕೊಂಡು ನೋಡು. ಅವನ ಕಾಲಿಗೆ ಚೆಂಡು ಬಂದ ಕ್ಷಣಕ್ಕೆ ಪಾಜ್ ಒತ್ತಿ ಗೇಮ್ ನಿಲ್ಲಿಸು. ಈಗ ಅವನ ಕಣ್ಣಿನಿಂದ ಮೈದಾನ ನೋಡು. ಅವನಿಗೆ ಯಾರು ಕಾಣುತ್ತಾರೆ?

ನೀನು ಬರೆದಿರುವುದನ್ನು ನೋಡಿದರೆ ನನಗೆ ಕಾಣುವುದು ಇಷ್ಟು. ಮುಂದಿರುವ ಇಬ್ಬರೂ ಚೆಂಡು ಕೇಳಿಕೊಂಡು ಹಿಂದಕ್ಕೆ ಬರುತ್ತಿದ್ದಾರೆ. ಎಡ ಬ್ಯಾಕ್ ಒಳಕ್ಕೆ ಬರುತ್ತಿದ್ದಾನೆ. ಹುಡುಗನೂ ಒಳಕ್ಕೆ ಬರುತ್ತಿದ್ದಾನೆ, ವೈಡ್ ಪ್ಲೇಮೇಕರ್‌ನ ಸ್ವಭಾವವೇ ಅದು. ಅಂದರೆ ನಾಲ್ಕು ಜನ ಒಂದೇ ಅಂಗಳದಲ್ಲಿ ನಿಂತಿದ್ದಾರೆ. ಎಡಬದಿಯ ಗೆರೆ ಹತ್ತಿರ ಯಾರೂ ಇಲ್ಲ. ಎದುರಾಳಿ ಡಿಫೆಂಡರ್‌ಗಳ ಹಿಂದಕ್ಕೆ ಓಡುವವರೂ ಇಲ್ಲ. ವಿಷನ್ 16 ಇದ್ದರೂ ನೋಡಲಿಕ್ಕೆ ಏನಿದೆ ಅಲ್ಲಿ?

ನಮ್ಮ ದುರ್ಗದವರಿಗೆ ಕಿಂಡಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೊಡ್ಡ ಏಳು ಸುತ್ತಿನ ಕೋಟೆಗೂ ಒಂದು ಸಣ್ಣ ಸಂದಿ ಇತ್ತು. ಎಂಥ ಡಿಫೆನ್ಸ್‌ನಲ್ಲೂ ಒಂದು ಕಿಂಡಿ ಇರುತ್ತದೆ: ಬ್ಯಾಕ್ ಮತ್ತು ಸೆಂಟರ್ ಬ್ಯಾಕ್ ನಡುವಿನ ಜಾಗ. ಪ್ಲೇಮೇಕರ್ ಆ ಕಿಂಡಿಯನ್ನು ಕಾಣಬಲ್ಲ. ಆದರೆ ಅದರಲ್ಲಿ ನುಗ್ಗುವವನು ಬೇರೆಯವನೇ ಆಗಬೇಕು. ನಿನ್ನ ತಂಡದಲ್ಲಿ ನುಗ್ಗುವವನೇ ಇಲ್ಲ.

ಅದಕ್ಕೆ ನನ್ನ ಮಾತು ಒಂದೇ. ವೈಡ್ ಪ್ಲೇಮೇಕರ್ ಅನ್ನುವ ಪಾತ್ರವನ್ನು ಅವನಿಗೆ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಅವನ ಸುತ್ತ ಮೂರು ಜನರ ಪಾತ್ರ ಬದಲಾಗಬೇಕು. ಅವನು ಬಿಟ್ಟುಬಂದ ಬದಿಯಲ್ಲಿ ಹೊರಗಿನಿಂದ ಓಡುವವನೊಬ್ಬ. ಅವನ ಮುಂದೆ, ಡಿಫೆನ್ಸ್ ಬೆನ್ನಿಗೆ ಓಡುವವನೊಬ್ಬ. ಅವನ ಹಿಂದೆ, ಖಾಲಿಯಾದ ಜಾಗ ಕಾಯುವವನೊಬ್ಬ. ಈ ಮೂವರು ಸರಿಯಾದರೆ ಹುಡುಗ ತಾನಾಗಿಯೇ ಆಡುತ್ತಾನೆ.

ನಿನ್ನ 4-4-2ರಲ್ಲಿ ಹೀಗೆ ಮಾಡು. ಎಡ ಬ್ಯಾಕ್ ಅನ್ನು ವಿಂಗ್‌ಬ್ಯಾಕ್, ಅಟ್ಯಾಕ್ ಮಾಡು. ಸ್ಟ್ರೈಕರ್‌ಗಳಲ್ಲಿ ಎಡಗಡೆಯವನನ್ನು ಅಡ್ವಾನ್ಸ್ಡ್ ಫಾರ್ವರ್ಡ್ ಮಾಡು, ಬೆನ್ನಿಗೆ ಓಡುವವನು ಅವನೇ. ನಡುವಿನ ಇಬ್ಬರಲ್ಲಿ ಎಡಗಡೆಯವನಿಗೆ ಕಾರಿಲೆರೊ ಕೊಡು. ಕಾರಿಲೆರೊ ಅಂದರೆ ಮೇಲೆ ಕೆಳಗೆ ಓಡುವುದಕ್ಕಿಂತ ಅಡ್ಡಕ್ಕೆ ಸರಿದು ಬದಿಯನ್ನು ಮುಚ್ಚುವವನು. ಈ ಕೆಲಸಕ್ಕೇ ಹೇಳಿ ಮಾಡಿಸಿದ ಪಾತ್ರ ಅದು.

ಇನ್ನೊಂದು. ಆ ಡೀಪ್ ಲೈಯಿಂಗ್ ಪ್ಲೇಮೇಕರ್‌ನನ್ನು ತೆಗೆ. ಹೆಸರಿನಲ್ಲಿ ಪ್ಲೇಮೇಕರ್ ಇರುವ ಯಾವ ಪಾತ್ರವಾದರೂ ಚೆಂಡನ್ನು ತನ್ನ ಕಡೆ ಎಳೆಯುತ್ತದೆ, ಉಳಿದವರು ಅವನನ್ನೇ ಹುಡುಕಿ ಕೊಡುತ್ತಾರೆ. ಇಬ್ಬರಿದ್ದರೆ ಚೆಂಡು ಇವನಿಂದ ಅವನಿಗೆ, ಅವನಿಂದ ಇವನಿಗೆ. ಅಲ್ಲಿ ಸಾಮಾನ್ಯ ಸೆಂಟ್ರಲ್ ಮಿಡ್‌ಫೀಲ್ಡರ್, ಡಿಫೆಂಡ್ ಡ್ಯೂಟಿ ಸಾಕು.

ಅಂದಹಾಗೆ ಹುಡುಗನ ಡಿಸಿಷನ್ಸ್, ಕಂಪೋಷರ್, ಟೀಮ್‌ವರ್ಕ್ ಎಷ್ಟಿದೆ? ಅದನ್ನು ಹೇಳಲಿಲ್ಲ.

ಬೆಣ್ಣೆದೋಸೆ 10

ಅಣ್ಣಾ, ತುಂಬಾ ಥ್ಯಾಂಕ್ಸ್. ಡಿಸಿಷನ್ಸ್ 11, ಕಂಪೋಷರ್ 10, ಟೀಮ್‌ವರ್ಕ್ 13. ಆಫ್ ದ ಬಾಲ್ 12. ಇದು ಕಡಿಮೆಯಾಯಿತಾ?

ಕೋಟೆ ಕಾವಲು

19ಕ್ಕೆ ಸಾಕು. ಆಡುತ್ತಾ ಆಡುತ್ತಾ ಬರುವಂಥದ್ದು ಅದು. ಆದರೆ ಡಿಸಿಷನ್ಸ್ 11 ಇರುವವನಿಗೆ ಅಟ್ಯಾಕ್ ಡ್ಯೂಟಿ ಕೊಟ್ಟರೆ ಅವಸರ ಮಾಡುತ್ತಾನೆ. ಈ ಸೀಸನ್ ಸಪೋರ್ಟ್‌ನಲ್ಲೇ ಇಡು.

ಎಡಗಾಲು (ದಾವಣಗೆರೆ)

ಸಪೋರ್ಟ್ ಡ್ಯೂಟಿ ವಿಷಯದಲ್ಲಿ ಕೋಟೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಮೈದಾನದಲ್ಲೂ ಇದೇ ಜಾಗದಲ್ಲಿ ಆಡುತ್ತೇನೆ.

ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ನಾವು ಏಳೆಂಟು ಜನ ಸೇರುತ್ತೇವೆ. ನನಗೆ ಓಟ ಅಷ್ಟಿಲ್ಲ. ಎಡಬದಿಯಲ್ಲಿ ನಿಂತಿರುತ್ತೇನೆ. ಮೊದಮೊದಲು ಚೆಂಡು ಬಂದ ಕೂಡಲೇ ಮುಂದಕ್ಕೆ ಹೋಗಲು ನೋಡುತ್ತಿದ್ದೆ, ಎದುರಿನವರು ಬಂದು ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಒಬ್ಬರು ಹಿರಿಯರು ಹೇಳಿದರು: ಚೆಂಡು ಬರುವ ಮೊದಲೇ ನೀನು ಎರಡು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಒಳಕ್ಕೆ ಬಾ, ಒಮ್ಮೆ ತಿರುಗಿ ನೋಡು. ಅಷ್ಟೇ. ಆ ಎರಡು ಹೆಜ್ಜೆಯಲ್ಲಿ ಎಷ್ಟು ಸಮಯ ಸಿಗುತ್ತದೆ ಅಂದರೆ ನಂಬುವುದಿಲ್ಲ. ನನ್ನನ್ನು ಕಾಯುತ್ತಿದ್ದವಳಿಗೆ ಗೊಂದಲ, ನನ್ನ ಹಿಂದೆ ಬರಬೇಕಾ, ತನ್ನ ಜಾಗದಲ್ಲೇ ಇರಬೇಕಾ ಅಂತ. ಅವಳು ಬಂದರೆ ಅವಳ ಹಿಂದೆ ಜಾಗ ಖಾಲಿ. ಬರದಿದ್ದರೆ ನಾನು ಆರಾಮಾಗಿ ತಲೆ ಎತ್ತಿ ನೋಡಬಹುದು.

ಗೇಮ್‌ನಲ್ಲಿ ಸಪೋರ್ಟ್ ಡ್ಯೂಟಿ ಮಾಡುವುದು ಹೆಚ್ಚು ಕಡಿಮೆ ಇದನ್ನೇ. ಹುಡುಗ ಸ್ವಲ್ಪ ಹಿಂದೆ ಚೆಂಡು ತೆಗೆದುಕೊಳ್ಳುತ್ತಾನೆ, ಅವನ ಮುಂದೆ ಆಟ ಇರುತ್ತದೆ. ಅಟ್ಯಾಕ್ ಆದರೆ ಅವನೇ ಮುಂದೆ ಹೋಗಿಬಿಡುತ್ತಾನೆ, ಗೋಲಿಗೆ ಬೆನ್ನು ಹಾಕಿ ಚೆಂಡು ಪಡೆಯುತ್ತಾನೆ. ಪೇಸ್ 10 ಇರುವವನು ಅಲ್ಲಿ ಏನು ಮಾಡಿಯಾನು?

ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಹತ್ತಿ ಗಿರಣಿಗಳ ಕಾಲದಲ್ಲಿ. ನನಗೆ ಅದಕ್ಕೇ ಮ್ಯಾಂಚೆಸ್ಟರ್ ಸಿಟಿಯ ಡೇವಿಡ್ ಸಿಲ್ವಾ ನಮ್ಮವನೇ ಅನ್ನಿಸುತ್ತಾನೆ. 2010ರಲ್ಲಿ ವೆಲೆನ್ಸಿಯಾದಿಂದ ಬಂದವನು, 2020ರವರೆಗೆ ಅಲ್ಲೇ ಇದ್ದ. ಮೊದಲ ವರ್ಷಗಳಲ್ಲಿ ತಂಡದ ಪಟ್ಟಿಯಲ್ಲಿ ಬದಿಯ ಆಟಗಾರ ಅಂತ ಇರುತ್ತಿದ್ದ, ಆಡುತ್ತಿದ್ದದ್ದು ಮಾತ್ರ ಒಳಗೆ. 2011ರ ಅಕ್ಟೋಬರ್ 23ರ ಡರ್ಬಿ ನೋಡಿ, ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಸಿಟಿ 6-1ರಿಂದ ಗೆದ್ದದ್ದು. ಆರನೇ ಗೋಲು. ಮೇಲಿಂದ ಬೀಳುತ್ತಿದ್ದ ಚೆಂಡನ್ನು ಸಿಲ್ವಾ ನೆಲಕ್ಕೆ ತಾಗಿಸಿಕೊಂಡು ನಿಲ್ಲಿಸಲೇ ಇಲ್ಲ, ಎಡಗಾಲಿನಲ್ಲಿ ಹಾಗೆಯೇ ಸ್ಟ್ರೈಕರ್ ಜೆಕೊ ಓಟಕ್ಕೆ ಕಳಿಸಿಬಿಟ್ಟ. ಸಿಲ್ವಾ ಓಡಲೇ ಇಲ್ಲ, ಓಡಿದ್ದು ಜೆಕೊ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹರಿಹರ ಎಕ್ಸ್‌ಪ್ರೆಸ್ (ಹರಿಹರ)

ನಾನು ಒಪ್ಪುವುದಿಲ್ಲ. ಇಷ್ಟೆಲ್ಲ ಯಾಕೆ? ಸುಮ್ನೆ ಇನ್ವರ್ಟೆಡ್ ವಿಂಗರ್ ಹಾಕಿ. ಅದೂ ಒಳಕ್ಕೆ ಬರುತ್ತದೆ, ಅದೂ ಪಾಸ್ ಕೊಡುತ್ತದೆ. ಒಬ್ಬನಿಗೋಸ್ಕರ ಮೂವರನ್ನು ಬದಲಾಯಿಸುವುದು ತಂಡ ಕಟ್ಟುವ ರೀತಿಯಲ್ಲ.

2015-16ರ ಇಂಗ್ಲೆಂಡಿನ ಲೆಸ್ಟರ್ ಸಿಟಿ ನೋಡಿ. ಅದೇ 4-4-2. ಬಲಬದಿಯಲ್ಲಿ ಎಡಗಾಲಿನ ಮಹ್ರೆಜ್. ಅವನ ಹಿಂದಿದ್ದ ಬಲ ಬ್ಯಾಕ್ ಸಿಂಪ್ಸನ್ ಹೆಚ್ಚು ಮುಂದೆ ಬರುತ್ತಿರಲಿಲ್ಲ. ಹೊರಗಿನ ಓಟ ಇಲ್ಲದೆಯೇ ಲೀಗ್ ಗೆದ್ದರು, ಆ ವರ್ಷ ಆಟಗಾರರೇ ಆರಿಸುವ ಪ್ರಶಸ್ತಿಯೂ ಮಹ್ರೆಜ್‌ಗೇ ಬಂತು.

ಕೋಟೆ ಕಾವಲು

ಹರಿಹರದವರೇ, ಒಳ್ಳೆ ಉದಾಹರಣೆ ಕೊಟ್ಟಿರಿ. ಆದರೆ ಅದರಲ್ಲೇ ಉತ್ತರವೂ ಇದೆ.

ಮಹ್ರೆಜ್‌ಗೆ ಹೊರಗೆ ಓಡುವವನು ಬೇಕಾಗಿರಲಿಲ್ಲ, ಯಾಕೆಂದರೆ ಎದುರಿನವನನ್ನು ಅವನೇ ದಾಟುತ್ತಿದ್ದ. ಚೆಂಡು ಕಾಲಿನಲ್ಲಿಟ್ಟುಕೊಂಡು ಬ್ಯಾಕ್‌ನನ್ನು ಒಂದು ಕಡೆ ವಾಲಿಸಿ ಇನ್ನೊಂದು ಕಡೆ ಹೋಗುತ್ತಿದ್ದ. ಕಿಂಡಿ ಮಾಡುವವನೂ ಅವನೇ. ಅದು ಇನ್ವರ್ಟೆಡ್ ವಿಂಗರ್. ಅದಕ್ಕೆ ಡ್ರಿಬ್ಲಿಂಗ್ ಬೇಕು, ಅಜಿಲಿಟಿ ಬೇಕು, ಆಕ್ಸಲರೇಷನ್ ಬೇಕು. ನಮ್ಮ ತಮ್ಮನ ಹುಡುಗನಿಗೆ ಅದಿಲ್ಲ. ಅವನು ಯಾರನ್ನೂ ದಾಟಲಾರ. ಅವನಿಗೆ ಬೇರೆಯವರು ಕಿಂಡಿ ತೆರೆದುಕೊಡಬೇಕು, ಅವನು ಅದರಲ್ಲಿ ಚೆಂಡು ತೂರಿಸುತ್ತಾನೆ.

ಇಬ್ಬರಿಗೂ ಒಳಕ್ಕೆ ಬರುವುದು ಒಂದೇ ಥರ ಕಾಣುತ್ತದೆ. ವ್ಯತ್ಯಾಸ ಇರುವುದು ಯಾವಾಗ ಬರುತ್ತಾರೆ ಅನ್ನುವುದರಲ್ಲಿ. ವಿಂಗರ್ ಚೆಂಡು ಸಿಕ್ಕ ಮೇಲೆ ಒಳಕ್ಕೆ ಬರುತ್ತಾನೆ. ಪ್ಲೇಮೇಕರ್ ಚೆಂಡು ಸಿಗುವ ಮೊದಲೇ ಒಳಗಿರುತ್ತಾನೆ. ಎಡಗಾಲು ಅಕ್ಕ ಹೇಳಿದ ಎರಡು ಹೆಜ್ಜೆ ಅದೇ.

ಮತ್ತೆ ಲೆಸ್ಟರ್‌ನಲ್ಲೂ ಉಳಿದ ಇಬ್ಬರು ಇದ್ದರಲ್ವಾ? ಬೆನ್ನಿಗೆ ಓಡಲು ವಾರ್ಡಿ. ಹಿಂದೆ ಜಾಗ ಕಾಯಲು ಕಾಂಟೆ.

ಹರಿಹರ ಎಕ್ಸ್‌ಪ್ರೆಸ್

ವಾರ್ಡಿ, ಕಾಂಟೆ ವಿಷಯ ಒಪ್ಪಿದೆ. ಚೆಂಡು ಸಿಗುವ ಮೊದಲು, ಆಮೇಲೆ ಅನ್ನುವ ಮಾತನ್ನು ನಾನು ಯೋಚನೆ ಮಾಡಿರಲಿಲ್ಲ.

ಹಾಗಿದ್ದರೆ ಇನ್ನೊಂದು ಪ್ರಶ್ನೆ. 4-4-2 ಬಿಟ್ಟು 4-2-3-1 ಮಾಡಿ ಅವನನ್ನು ಒಂದು ಗೆರೆ ಮೇಲಕ್ಕೆ ಹಾಕಿದರೆ? ಗೋಲಿಗೆ ಹತ್ತಿರ ಇರುತ್ತಾನಲ್ಲ.

ಕೋಟೆ ಕಾವಲು

ಆ ಗೆರೆಯಲ್ಲಿ ವೈಡ್ ಪ್ಲೇಮೇಕರ್ ಪಾತ್ರವೇ ಇಲ್ಲ, ಅಡ್ವಾನ್ಸ್ಡ್ ಪ್ಲೇಮೇಕರ್ ಸಿಗುತ್ತದೆ. ಆಡಿಸಬಹುದು. ಆದರೆ 2024ರ ಗೇಮ್‌ನಲ್ಲಿ ಟ್ಯಾಕ್ಟಿಕ್ ಪರದೆಯಲ್ಲಿ ನೀವು ಕೂರಿಸುವ ಜಾಗ ಅಂದರೆ ಚೆಂಡು ಇಲ್ಲದಾಗ ನಿಲ್ಲುವ ಜಾಗ ಅಂತ ಇಟ್ಟುಕೊಳ್ಳಿ. ಮೇಲೆ ಕೂರಿಸಿದರೆ ಹಿಂದೆ ಬಂದು ಸಹಾಯ ಮಾಡುವುದು ಕಡಿಮೆ. ಅಟ್ಯಾಕ್‌ಗೆ ಹೋದ ವಿಂಗ್‌ಬ್ಯಾಕ್ ಹಿಂದೆ ಬಯಲು ಬಿದ್ದಿರುತ್ತದೆ. ದೊಡ್ಡ ತಂಡವಾದರೆ ನಡೆಯುತ್ತದೆ. ಎರಡನೇ ಡಿವಿಜನ್‌ನ ಸಣ್ಣ ತಂಡಕ್ಕೆ ಕಷ್ಟ.

ನಿಟ್ಟುವಳ್ಳಿ ನೆಟ್ (ದಾವಣಗೆರೆ)

ಬಯಲು ಅಂದದ್ದಕ್ಕೆ ನನ್ನ ಅನುಭವ ಹೇಳಿಬಿಡುತ್ತೇನೆ, ಬೇರೆಯವರು ಅದೇ ಗುಂಡಿಗೆ ಬೀಳದಿರಲಿ.

ಹೋದ ವರ್ಷ ನಾನು ಎರಡೂ ಬದಿಗೆ ವೈಡ್ ಪ್ಲೇಮೇಕರ್ ಹಾಕಿದ್ದೆ. ಇಬ್ಬರೂ ಚೆನ್ನಾಗಿದ್ದರು. ಎರಡೂ ಕಡೆ ವಿಂಗ್‌ಬ್ಯಾಕ್ ಅಟ್ಯಾಕ್. ಮೊದಲ ನಾಲ್ಕು ಪಂದ್ಯ ಚೆಂಡು ನಮ್ಮ ಹತ್ತಿರವೇ, ನೋಡಲು ಹಬ್ಬ. ಐದನೇ ಪಂದ್ಯದಿಂದ ಎಲ್ಲರಿಗೂ ನಮ್ಮ ದಾರಿ ತಿಳಿದುಹೋಯಿತು. ಚೆಂಡು ಕಿತ್ತುಕೊಂಡರೆ ಸಾಕು, ಒಂದು ಉದ್ದ ಪಾಸ್ ಬದಿಗೆ. ಹಿಂದೆ ಇಬ್ಬರೇ ಸೆಂಟರ್ ಬ್ಯಾಕ್‌ಗಳು. ಆರು ಪಂದ್ಯ ಸಾಲಾಗಿ ಸೋತೆ.

ಒಂದೇ ಬದಿ ಸಾಕು ಅಂತ ಆಮೇಲೆ ತಿಳಿಯಿತು. ಈಗ ಒಂದು ಬದಿ ಪ್ಲೇಮೇಕರ್, ಹಿಂದೆ ಓಡುವ ಬ್ಯಾಕ್. ಇನ್ನೊಂದು ಬದಿ ಗೆರೆ ಹಿಡಿದು ಓಡುವ ವಿಂಗರ್, ಹಿಂದೆ ಫುಲ್‌ಬ್ಯಾಕ್ ಡಿಫೆಂಡ್ ಅಥವಾ ಸಪೋರ್ಟ್. ಎಡ ಬ್ಯಾಕ್ ಮೇಲೆ ಹೋದಾಗ ಬಲ ಬ್ಯಾಕ್ ಸೆಂಟರ್ ಬ್ಯಾಕ್‌ಗಳ ಪಕ್ಕ ನಿಲ್ಲುತ್ತಾನೆ, ಹಿಂದೆ ಮೂವರಾಗುತ್ತಾರೆ. ನೆಮ್ಮದಿ.

ಎಡಗಾಲು

ಎರಡೂ ಬದಿ ಆಗುವುದೇ ಇಲ್ಲ ಅಂತಲ್ಲ. 2012ರ ಯೂರೋ ಫೈನಲ್‌ನಲ್ಲಿ ಸ್ಪೇನ್ ಎಡಕ್ಕೆ ಇನಿಯೆಸ್ತಾ, ಬಲಕ್ಕೆ ಸಿಲ್ವಾ, ಮುಂದೆ ಸ್ಟ್ರೈಕರ್ ಬದಲು ಫಾಬ್ರೆಗಾಸ್ ಹಾಕಿ ಇಟಲಿಯನ್ನು 4-0ಯಿಂದ ಸೋಲಿಸಿತು. ಎಲ್ಲರೂ ಕಾಲಿಗೆ ಚೆಂಡು ಕೇಳುವವರೇ.

ಆದರೆ 41ನೇ ನಿಮಿಷದ ಗೋಲು ಹೊಡೆದದ್ದು ಯಾರು? ಎಡ ಬ್ಯಾಕ್ ಜೋರ್ಡಿ ಆಲ್ಬಾ. ತನ್ನ ಅರ್ಧದಿಂದ ನಡುವಿನ ಆಟಗಾರ ಶಾವಿಗೆ ಚೆಂಡು ಕೊಟ್ಟು ಹಾಗೆಯೇ ಓಡಲು ಶುರು ಮಾಡಿದ. ಎಲ್ಲರನ್ನೂ ದಾಟಿ ಡಿಫೆನ್ಸ್ ಬೆನ್ನಿಗೆ ಹೋದ. ಶಾವಿ ಸರಿಯಾಗಿ ಓಟದ ಮುಂದೆ ಇಟ್ಟ. ಅಷ್ಟು ಜನ ಪ್ಲೇಮೇಕರ್‌ಗಳಿದ್ದ ತಂಡಕ್ಕೂ ಓಡುವವನು ಹಿಂದಿನಿಂದ ಬರಬೇಕಾಯಿತು.

ಅಂಥ ತಂಡ ನಮ್ಮಲ್ಲಿ ಯಾರ ಹತ್ತಿರ ಇದೆ? ನೆಟ್ ಹೇಳಿದಂತೆ ಒಂದೇ ಬದಿ ಸಾಕು.

ಬೆಣ್ಣೆದೋಸೆ 10

ಎಲ್ಲರಿಗೂ ವರದಿ ಒಪ್ಪಿಸಬೇಕು. ನಾಲ್ಕು ದಿನ ತಡವಾಯಿತು, ಇಂಟರ್ನಲ್ಸ್ ಇತ್ತು.

ಮೊದಲು ಅಣ್ಣ ಹೇಳಿದಂತೆ ಹಳೆಯ ಟ್ಯಾಕ್ಟಿಕ್‌ನಲ್ಲೇ ಒಂದು ಪಂದ್ಯ ಪೂರ್ತಿ ನೋಡಿದೆ. ಹುಡುಗನ ಕಾಲಿಗೆ ಚೆಂಡು ಬಂದಾಗಲೆಲ್ಲ ನಿಲ್ಲಿಸಿದೆ. ಒಂದು ಹಾಳೆಯಲ್ಲಿ ಅವನ ಮುಂದೆ ಎಷ್ಟು ಜನ ಓಡುತ್ತಿದ್ದಾರೆ ಅಂತ ಬರೆದುಕೊಂಡೆ. ಮೊದಲ ಅರ್ಧದಲ್ಲಿ ಹದಿನೆಂಟು ಸಲ ಚೆಂಡು ಬಂತು. ಹಾಳೆ ತುಂಬ ಸೊನ್ನೆಗಳೇ. ಎರಡು ಸಲ ಮಾತ್ರ ಒಂದು. ಅವನ ಬಗ್ಗೆ ನಿಜವಾಗಿ ಬೇಜಾರಾಯಿತು, ಇಷ್ಟು ದಿನ ಬೈದುಕೊಂಡಿದ್ದೆನಲ್ಲ ಅಂತ.

ಆಮೇಲೆ ಬದಲಾಯಿಸಿದೆ. ಎಡ ವಿಂಗ್‌ಬ್ಯಾಕ್ ಅಟ್ಯಾಕ್, ಎಡ ನಡುವಿನವನು ಕಾರಿಲೆರೊ, ಬಲ ನಡುವಿನವನು ಸೆಂಟ್ರಲ್ ಮಿಡ್‌ಫೀಲ್ಡರ್ ಡಿಫೆಂಡ್. ಬಲ ವಿಂಗರ್‌ಗೆ ಅಟ್ಯಾಕ್. ಬಲ ಬ್ಯಾಕ್ ಸುಮ್ಮನೆ ಹಿಂದೆ. ಮುಂದೆ ಎಡಕ್ಕೆ ಅಡ್ವಾನ್ಸ್ಡ್ ಫಾರ್ವರ್ಡ್, ಬಲಕ್ಕೆ ಡೀಪ್ ಲೈಯಿಂಗ್ ಫಾರ್ವರ್ಡ್. ಹುಡುಗನಿಗೆ ಸಪೋರ್ಟ್.

ಮೊದಲ ಎರಡು ಪಂದ್ಯ ಡ್ರಾ. ಮೂರನೆಯದು ತವರಿನಲ್ಲಿ. 71ನೇ ನಿಮಿಷ, ಸ್ಕೋರು 0-0.

ನಮ್ಮ ಎಡ ಬ್ಯಾಕ್ ಮಧ್ಯದ ಗೆರೆ ಹತ್ತಿರ ಹುಡುಗನಿಗೆ ಚೆಂಡು ಕೊಟ್ಟ. ಹುಡುಗ ಆಗಲೇ ಬದಿಗೆರೆಯಿಂದ ಹತ್ತು ಹೆಜ್ಜೆ ಒಳಗಿದ್ದ. ಚೆಂಡು ಕೊಟ್ಟ ಬ್ಯಾಕ್ ನಿಲ್ಲಲಿಲ್ಲ, ಹುಡುಗನ ಹೊರಗಿನಿಂದ ಓಡಿದ. ಕಾರಿಲೆರೊ ಎಡಕ್ಕೆ ಸರಿದು ಬ್ಯಾಕ್ ಬಿಟ್ಟ ಜಾಗದಲ್ಲಿ ನಿಂತ. ಎದುರಾಳಿಯ ಬಲ ಬ್ಯಾಕ್ ಓಡುವವನನ್ನು ನೋಡಿ ಹೊರಗೆ ಸರಿದ. ಎರಡೇ ಹೆಜ್ಜೆ. ಅವನಿಗೂ ಸೆಂಟರ್ ಬ್ಯಾಕ್‌ಗೂ ನಡುವೆ ಸಂದಿ ಬಿತ್ತು. ಹುಡುಗ ಬಲಗಾಲಿನಲ್ಲಿ ಒಂದು ಸಲ ಮುಟ್ಟಿದ, ಎರಡನೇ ಸಲ ಮುಟ್ಟಿದಾಗ ಚೆಂಡು ಆ ಸಂದಿಯೊಳಗೆ ಹೋಗುತ್ತಿತ್ತು. ನಮ್ಮ ಫಾರ್ವರ್ಡ್ ಆಗಲೇ ಓಟದಲ್ಲಿದ್ದ. ಕೀಪರ್ ಮುಂದೆ ಬಂದ, ಪಕ್ಕದಿಂದ ನೆಲದ ಮೇಲೇ ಹೊಡೆದ. ಗೋಲ್!

ರಾತ್ರಿ ಒಂದೂವರೆ. ಪಕ್ಕದ ರೂಮಿನಲ್ಲಿ ಅಪ್ಪ ಮಲಗಿದ್ದರು, ಕೂಗಲು ಆಗಲಿಲ್ಲ. ಎದ್ದು ಬಾಲ್ಕನಿಗೆ ಹೋಗಿ ನಿಂತು ಬಂದೆ.

ಆಮೇಲಿನ ಐದು ಪಂದ್ಯದಲ್ಲಿ ಹುಡುಗನಿಂದ ಮೂರು ಅಸಿಸ್ಟ್. ಅಣ್ಣಾ, ಅಕ್ಕಾ, ನೆಟ್, ಹರಿಹರದವರು, ಎಲ್ಲರಿಗೂ ಮನಸಾರೆ ಧನ್ಯವಾದ.

ಎಡಗಾಲು

ಓದಿ ಮೈ ಜುಮ್ಮೆಂದಿತು ತಮ್ಮಾ. ಚೆಂಡು ಕೊಟ್ಟ ಬ್ಯಾಕ್ ನಿಲ್ಲದೆ ಓಡಿದನಲ್ಲ, ಆ ಗೋಲಿನಲ್ಲಿ ಅರ್ಧ ಪಾಲು ಅವನದು. ಅವನಿಗೆ ಚೆಂಡೇ ಬರಲಿಲ್ಲ, ಆದರೂ. ನನ್ನ ಜೊತೆ ಆಡುವ ಗೆಳತಿಗೆ ಇದನ್ನು ತೋರಿಸುತ್ತೇನೆ. ಅವಳು ಯಾವಾಗಲೂ ಕೇಳುತ್ತಾಳೆ, ನಾನು ಓಡಿದಾಗ ನನಗೆ ಕೊಡುವುದೇ ಇಲ್ಲವಲ್ಲ ಅಂತ.

ಒಂದು ಸಲಹೆ. ಸ್ಟ್ರೈಕರ್‌ಗಳನ್ನು ಅದಲುಬದಲು ಮಾಡಿ ನೋಡು. ಹಿಂದಕ್ಕೆ ಬರುವವನು ಎಡಕ್ಕೆ, ಓಡುವವನು ಬಲಕ್ಕೆ. ಹುಡುಗ ಬಲಗಾಲಿನವನಲ್ವಾ, ಎಡದಿಂದ ಒಳಕ್ಕೆ ತಿರುಗಿದಾಗ ಅವನ ಮೈ ಬಲಕ್ಕೆ ತೆರೆದಿರುತ್ತದೆ. ಹತ್ತಿರದ ಸ್ಟ್ರೈಕರ್ ಹಿಂದಕ್ಕೆ ಬಂದು ಸೆಂಟರ್ ಬ್ಯಾಕ್‌ನನ್ನು ಎಳೆದರೆ, ದೂರದವನು ಓರೆಯಾಗಿ ಆ ಜಾಗಕ್ಕೆ ಓಡಬಹುದು.

ಕೋಟೆ ಕಾವಲು

ಅಕ್ಕ ಹೇಳಿದ್ದು ಚೆನ್ನಾಗಿಯೇ ಇದೆ, ಆದರೆ ಎಡಕ್ಕೆ ಇನ್ನೊಬ್ಬ ಹಿಂದಕ್ಕೆ ಬಂದರೆ ಹುಡುಗನ ಜಾಗ ಇಕ್ಕಟ್ಟಾಗುತ್ತದೆ ಅನ್ನುವುದು ನನ್ನ ಭಯ. ಎರಡೂ ನೋಡು. ಸ್ಟ್ರೈಕರ್ ಎಂಥವನು ಅನ್ನುವುದರ ಮೇಲೂ ಹೋಗುತ್ತದೆ.

ಬೆಣ್ಣೆದೋಸೆ 10

ಅಕ್ಕ ಹೇಳಿದ್ದನ್ನು ಎರಡು ಪಂದ್ಯ ನೋಡಿದೆ. ಮೇಲೆ ಬಂದು ಒತ್ತುವ ತಂಡದ ಎದುರು ತುಂಬಾ ಚೆನ್ನಾಗಿತ್ತು. ಹಿಂದೆಯೇ ಗುಂಪಾಗಿ ನಿಲ್ಲುವ ತಂಡದ ಎದುರು ಅಣ್ಣ ಹೇಳಿದಂತೆ ಇಕ್ಕಟ್ಟಾಯಿತು.

ಈಗ ಅದೇ ಹೊಸ ತೊಂದರೆ. ನಾವು ಟೇಬಲ್‌ನಲ್ಲಿ ಮೇಲೆ ಬಂದಿದ್ದೇವೆ. ನಮ್ಮ ಮೈದಾನಕ್ಕೆ ಬರುವವರೆಲ್ಲ ಹತ್ತು ಜನರನ್ನು ಬಾಕ್ಸ್ ಮುಂದೆ ನಿಲ್ಲಿಸುತ್ತಾರೆ. ಬೆನ್ನಿಗೆ ಓಡಲು ಜಾಗವೇ ಇಲ್ಲ. ವರ್ಕ್ ಬಾಲ್ ಇಂಟು ಬಾಕ್ಸ್ (ಅವಸರಪಡದೆ ಚೆಂಡನ್ನು ಬಾಕ್ಸ್ ಒಳಗೆ ತನ್ನಿ ಅನ್ನುವ ಸೂಚನೆ) ಹಾಕಿದ್ದೇನೆ, ಟೆಂಪೋ ಏರಿಸಿದ್ದೇನೆ. ಆದರೂ ಗೋಡೆಗೆ ತಲೆ ಚಚ್ಚಿದಂತೆ.

ನಿಟ್ಟುವಳ್ಳಿ ನೆಟ್

ವರ್ಕ್ ಬಾಲ್ ಇಂಟು ಬಾಕ್ಸ್ ಮೊದಲು ತೆಗೆಯಿರಿ. ಅದಿದ್ದರೆ ವಿಂಗ್‌ಬ್ಯಾಕ್ ಕ್ರಾಸ್ ಹಾಕಲು ಹಿಂದೆಮುಂದೆ ನೋಡುತ್ತಾನೆ. ಅಷ್ಟು ದೂರ ಓಡಿ ಹೋದವನು ಮತ್ತೆ ಹಿಂದಕ್ಕೆ ಕೊಟ್ಟರೆ ಓಡಿದ್ದೇ ದಂಡ.

ಟೆಂಪೋ ಕೂಡ ಇಳಿಸಿ. ಪ್ಲೇಮೇಕರ್‌ಗೆ ನೋಡಲು ಹೊತ್ತು ಬೇಕು.

ಕೋಟೆ ಕಾವಲು

ನೆಟ್ ಹೇಳಿದ್ದರ ಜೊತೆಗೆ ಒಂದು. ಗುಂಪಾಗಿ ನಿಂತವರ ಎದುರು ಆಟವನ್ನು ಎಡದಲ್ಲಿ ಕಟ್ಟು, ಬಲದಲ್ಲಿ ಮುಗಿಸು. ಹುಡುಗ, ಬ್ಯಾಕ್, ಕಾರಿಲೆರೊ ಮೂವರೂ ಎಡದಲ್ಲಿ ಸಣ್ಣ ಸಣ್ಣ ಪಾಸ್ ಆಡುತ್ತಿದ್ದರೆ ಎದುರಾಳಿಗಳೆಲ್ಲ ಆ ಕಡೆಗೇ ಜರುಗುತ್ತಾರೆ. ಆಗ ಬಲ ವಿಂಗರ್ ಒಬ್ಬನೇ ಒಬ್ಬ ಬ್ಯಾಕ್ ಎದುರು ಸಿಗುತ್ತಾನೆ. ಅವನಿಗೆ ಚೆಂಡು ದಾಟಿಸಬೇಕು. ನೀನು ಬಲ ವಿಂಗರ್‌ಗೆ ಅಟ್ಯಾಕ್ ಕೊಟ್ಟದ್ದು ಒಳ್ಳೆಯದೇ ಆಯಿತು. ಅವನಿಗೆ ಗೆರೆ ಬಿಡದೆ ಅಗಲವಾಗಿ ನಿಲ್ಲಲು ಹೇಳು.

ಹುಡುಗನಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚೆಂಡು ದಾಟಿಸುವ ಟ್ರೇಟ್, ಅಂದರೆ ಆಟದ ರೂಢಿ, ಕಲಿಸು. ಕಲಿಯಲು ತಿಂಗಳುಗಳು ಹಿಡಿಯುತ್ತವೆ, ಈಗಲೇ ಶುರು ಮಾಡು. ಸೀಳುವ ಪಾಸ್ ಆಗಾಗ ಪ್ರಯತ್ನಿಸುವ ಟ್ರೇಟ್ ಎಲ್ಲರಿಗೂ ಆಸೆ. ಡಿಸಿಷನ್ಸ್ 11 ಇರುವವನಿಗೆ ಈಗಲೇ ಅದು ಬೇಡ, ಬೇಡದ ಕಡೆಯೆಲ್ಲ ತೂರಿಸಿ ಚೆಂಡು ಕಳೆಯುತ್ತಾನೆ. 14 ಆಗಲಿ, ಆಗ ನೋಡೋಣ. ಚೆಂಡು ಹಿಡಿದುಕೊಂಡು ನಿಲ್ಲುವ ಟ್ರೇಟ್ ಮಾತ್ರ ಯಾವತ್ತೂ ಬೇಡ.

ಹರಿಹರ ಎಕ್ಸ್‌ಪ್ರೆಸ್

ನಡುವೆ ಒಂದು ಮಾತು. 2025ರ ಗೇಮ್ ಬರಲೇ ಇಲ್ಲ, ಆ ವರ್ಷ ಫೆಬ್ರವರಿಯಲ್ಲಿ ರದ್ದು ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಬಂದ 26ರ ಗೇಮ್‌ನಲ್ಲಿ ಚೆಂಡು ಇದ್ದಾಗ ಒಂದು ಆಕಾರ, ಇಲ್ಲದಾಗ ಇನ್ನೊಂದು ಆಕಾರ ಹಾಕಬಹುದು. ಅಂದರೆ ಹುಡುಗನನ್ನು ಡಿಫೆನ್ಸ್ ಮಾಡುವಾಗ ನಡುವಿನ ನಾಲ್ವರ ಸಾಲಿನ ಎಡಬದಿಯಲ್ಲಿ ನಿಲ್ಲಿಸಿ, ಚೆಂಡು ಸಿಕ್ಕಾಗ ನೇರವಾಗಿ ಒಳಗಿನ ಜಾಗಕ್ಕೆ ತರಬಹುದು. ಇಲ್ಲಿ ಮಾತಾಡಿದ್ದನ್ನೆಲ್ಲ ಕಣ್ಣಿಗೆ ಕಾಣುವಂತೆ ಎರಡು ಚಿತ್ರದಲ್ಲಿ ಹಾಕಿದ ಹಾಗೆ. ಹೊರಗೆ ಓಡುವವನು, ಬೆನ್ನಿಗೆ ಓಡುವವನು, ಕಾಯುವವನು ಅಲ್ಲೂ ಬೇಕೇ ಬೇಕು. ನಾನು ಎರಡು ದಿನ ಆಡಿ ನೋಡಿದೆ. ಕಾಯುವವನನ್ನು ಮರೆತು ಮೂರು ಗೋಲು ತಿಂದೆ. ಕೋಟೆಯವರೇ, ನೀವು ಹೇಳಿದ್ದು ಸರಿ.

ಎಡಗಾಲು

ಹಿಂದೆಯೇ ನಿಲ್ಲುವ ತಂಡಗಳ ಬಗ್ಗೆ ಇನ್ನೊಂದು. ಒಮ್ಮೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ನೋಡಿದ್ದೆ. ಟಿವಿಯಲ್ಲಿ ಚೆಂಡು ಇರುವ ಕಡೆ ಮಾತ್ರ ಕಾಣುತ್ತದೆ. ಸ್ಟ್ಯಾಂಡಿನಲ್ಲಿ ಮೇಲೆ ಕೂತರೆ ಪೂರ್ತಿ ಮೈದಾನ ಕಣ್ಣ ಮುಂದೆ. ಚೆಂಡು ಒಂದು ಬದಿಯಲ್ಲಿದ್ದಾಗ ನಾನು ಇನ್ನೊಂದು ಬದಿಯವನನ್ನೇ ನೋಡುತ್ತಾ ಕೂತೆ. ಅವನು ಎಷ್ಟು ಹೊತ್ತು ಸುಮ್ಮನೆ ಗೆರೆ ಮೇಲೆ ನಿಂತಿರುತ್ತಾನೆ, ಗೊತ್ತಾ! ಚೆಂಡು ಬೇಕು ಅಂತ ಆಸೆಪಟ್ಟು ಒಳಗೆ ಬಂದರೆ ಎದುರಿನ ಬ್ಯಾಕ್‌ಗೂ ಒಳಗೆ ಬರಲು ಅನುಕೂಲ. ನಿಂತೇ ಇದ್ದರೆ ಮೈದಾನ ಅಗಲವಾಗಿಯೇ ಇರುತ್ತದೆ, ಪ್ಲೇಮೇಕರ್‌ಗೆ ಒಳಗೆ ಜಾಗ ಉಳಿಯುತ್ತದೆ. ನಿನ್ನ ಬಲ ವಿಂಗರ್ ರೇಟಿಂಗ್ ಕಡಿಮೆ ಬಂದರೆ ಅವಸರದಲ್ಲಿ ತೆಗೆಯಬೇಡ ತಮ್ಮಾ. ಅವನು ಗೆರೆ ಮೇಲೆ ನಿಂತಿರುವುದರಿಂದಲೇ ಹುಡುಗ ಆಡುತ್ತಿದ್ದಾನೆ.

ಬೆಣ್ಣೆದೋಸೆ 10

ಅಕ್ಕಾ, ನಿಜವಾಗಿ ನಿನ್ನೆ ಅವನನ್ನು ಮಾರುವ ಪಟ್ಟಿಗೆ ಹಾಕಿದ್ದೆ! ಈಗಷ್ಟೇ ತೆಗೆದು ಬಂದೆ.

ವರ್ಕ್ ಬಾಲ್ ಇಂಟು ಬಾಕ್ಸ್ ತೆಗೆದೆ. ಟೆಂಪೋ ಒಂದು ಹಂತ ಇಳಿಸಿದೆ. ವಿಂಗರ್‌ಗೆ ಅಗಲವಾಗಿ ನಿಲ್ಲಲು ಹೇಳಿದೆ. ಟ್ರೇಟ್ ಕಲಿಯಲು ಹುಡುಗ ಒಪ್ಪಿದ್ದಾನೆ, ಕೋಚ್ ಶುರು ಮಾಡಿದ್ದಾರೆ. ಇವತ್ತು ಒಂದು ಪಂದ್ಯ ಆಡಿದೆ. ಎದುರಾಳಿ ಪೂರ್ತಿ ಹಿಂದೆಯೇ ನಿಂತಿದ್ದರು. 1-0 ಗೆದ್ದೆವು. ಹುಡುಗ ಎಡದಿಂದ ಬಲಕ್ಕೆ ಒಂದು ಉದ್ದ ಪಾಸ್ ಕೊಟ್ಟ, ವಿಂಗರ್ ಬ್ಯಾಕ್‌ನನ್ನು ದಾಟಿ ಕ್ರಾಸ್ ಹಾಕಿದ, ದೂರದ ಕಂಬದ ಹತ್ತಿರ ಓಡಿ ಬಂದು ತಲೆ ಕೊಟ್ಟವನು ಯಾರು ಹೇಳಿ? ಎಡ ವಿಂಗ್‌ಬ್ಯಾಕ್.

ಹುಡುಗನ ಹೆಸರು ಅಸಿಸ್ಟ್ ಪಟ್ಟಿಯಲ್ಲಿ ಇಲ್ಲ. ರೇಟಿಂಗ್ 7.3.

ಇನ್ನು ಏಳು ಪಂದ್ಯ ಉಳಿದಿವೆ, ನಾವು ಮೂರನೇ ಸ್ಥಾನದಲ್ಲಿದ್ದೇವೆ. ಶನಿವಾರ ಮೊದಲನೇ ಸ್ಥಾನದವರ ಊರಿಗೆ ಹೋಗಬೇಕು. ಅವರ ಬಲ ವಿಂಗರ್‌ಗೆ ಪೇಸ್ 17. ಕಾರಿಲೆರೊ ಒಬ್ಬನೇ ಸಾಕಾಗುತ್ತಾನಾ, ಅಥವಾ ಆ ಒಂದು ಪಂದ್ಯಕ್ಕೆ ಎಡ ಬ್ಯಾಕ್‌ಗೆ ಸಪೋರ್ಟ್ ಕೊಡಲಾ?

ಕೋಟೆ ಕಾವಲು

ಮೊದಲ ಇಪ್ಪತ್ತು ನಿಮಿಷ ಸಪೋರ್ಟ್ ಕೊಡು. ಅವರ ವಿಂಗರ್ ಹಿಂದೆ ಬಂದು ಕಾಯುತ್ತಾನಾ, ಇಲ್ಲವಾ ನೋಡು. ಕಾಯದಿದ್ದರೆ ಅಟ್ಯಾಕ್‌ಗೆ ಬದಲಾಯಿಸು. ಅವನು ಬಿಟ್ಟ ಜಾಗದಲ್ಲೇ ನಿನ್ನ ಬ್ಯಾಕ್ ಓಡುತ್ತಾನೆ, ಹುಡುಗನ ಕಾಲಿಗೆ ಚೆಂಡು ಬರುತ್ತದೆ. ಶನಿವಾರ ರಾತ್ರಿ ಇಲ್ಲೇ ಇರುತ್ತೇನೆ, ಸ್ಕೋರು ಹಾಕು.